ನೋಟದ ಹೊಣೆ

ನಮ್ಮ ಭಾಷೆಯಲ್ಲಿ ಕಣ್ಣಿನ ಕೆಲಸವನ್ನು ಹೇಳುವುದಕ್ಕೆ ಮುಖ್ಯವಾಗಿ ಎರಡು ಕ್ರಿಯಾಪದಗಳುಂಟು: ಕಾಣುವುದು ಒಂದು, ನೋಡುವುದು ಇನ್ನೊಂದು. ‘ಹೊಳಲ್ಕೆರೆಯ ದಾರಿಯಲ್ಲಿ ನವಿಲೊಂದು ಕಂಡಿತು’ ಎಂದರೆ ಅದರಲ್ಲಿ ನನ್ನ ಪ್ರಯತ್ನವೇನೂ ಇಲ್ಲ. ನವಿಲು ತಾನಾಗಿ ಬಂದು ಕಣ್ಣಿಗೆ ಬಿದ್ದಿತು, ಅಷ್ಟೆ. ‘ನವಿಲನ್ನು ನೋಡಿದೆ’ ಎಂದರೆ ಕಣ್ಣಿನ ಹಿಂದೆ ಮನಸ್ಸೂ ಹೋಯಿತೆಂದು ಅರ್ಥ. ಇವೆರಡರ ಆಚೆಗೆ, ಕಣ್ಣಿಗೆ ಸೇರದೆ ಕೈಗೆ ಸೇರಿದ ಮೂರನೆಯದೊಂದುಂಟು, ಅದು ಮಾಡುವುದು. ಕಂಡುದನ್ನೆಲ್ಲ ನಾವು ನೋಡುವುದಿಲ್ಲ. ನೋಡಿದುದಕ್ಕೆಲ್ಲ ಕೈ ಹಾಕುವುದಿಲ್ಲ. ನೆರೆಯವನ ತೋಟದ ಹಣ್ಣು ಕಣ್ಣಿಗೆ ಬಿದ್ದರೆ ಅದರಲ್ಲಿ ದೋಷವಿಲ್ಲ. ಆಸೆಪಟ್ಟು ದಿಟ್ಟಿಸಿದರೆ ಅದು ಮನಸ್ಸಿಗೆ ಸಂಬಂಧಿಸಿದ ವಿಚಾರ, ಆ ಮನಸ್ಸಿನ ಯಜಮಾನನೇ ಅದಕ್ಕೆ ನ್ಯಾಯಾಧಿಪತಿ. ಕಿತ್ತುಕೊಂಡರೆ ಮಾತ್ರ ಅದು ಪಂಚಾಯತಿಯ ಮುಂದೆ ಬರತಕ್ಕ ವ್ಯಾಜ್ಯ. ಲೋಕದ ನೀತಿವ್ಯವಸ್ಥೆಯ ಬಹುಭಾಗ ಈ ಮೂರು ಮೆಟ್ಟಿಲುಗಳ ನಡುವಣ ಅಂತರದ ಮೇಲೆ ನಿಂತಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಈ ಅಂತರವನ್ನು ಅಳಿಸಿಬಿಡಬಲ್ಲ ಯಂತ್ರಗಳು ಈಗ ಬಂದಿವೆ. ಕನ್ನಡಕದಂತೆಯೋ ಶಿರಸ್ತ್ರಾಣದಂತೆಯೋ ತಲೆಗೆ ತೊಟ್ಟುಕೊಳ್ಳುವ ಒಂದು ಉಪಕರಣ. ಅದರೊಳಗೆ ಕಣ್ಣಿನ ಮುಂದೆಯೇ ಒಂದು ಪುಟ್ಟ ತೆರೆ. ಆ ತೆರೆಯ ಮೇಲೆ ಕಂಪ್ಯೂಟರಿನ ಚಿತ್ರಗಳೂ ಅಕ್ಷರಗಳೂ ಮೂಡುತ್ತವೆ. ತೊಟ್ಟವನ ಕಣ್ಣು ಎತ್ತ ತಿರುಗಿತೆಂಬುದನ್ನು ಯಂತ್ರವು ಗುರುತಿಸಿ, ಆತನು ನೋಡಿದುದನ್ನೇ ಆರಿಸಿಕೊಂಡನೆಂದು ತಿಳಿದು, ಮುಂದಿನ ಕೆಲಸವನ್ನು ನಡೆಯಿಸುತ್ತದೆ. ಇಂತಹುದನ್ನು ಪೇಟೆಯಲ್ಲಿ ಹೆಡ್‌ಸೆಟ್ ಎನ್ನುತ್ತಾರೆ. ಸಂಸ್ಕೃತದಲ್ಲಿ ಹೆಸರಿಡಹೊರಟರೆ ‘ಶಿರೋಧಾರ್ಯ’ವೆನ್ನಬೇಕಾದೀತು, ಆದರೆ ಆ ಮಾತಿಗೆ ನಮ್ಮಲ್ಲಿ ಮರುಮಾತಿಲ್ಲದೆ ಒಪ್ಪತಕ್ಕದ್ದು ಎಂಬ ಅರ್ಥ ಬೇರೂರಿರುವುದರಿಂದ, ವಿಚಾರ ಮುಗಿಯುವವರೆಗಾದರೂ ಆ ಹೆಸರನ್ನು ತಡೆದಿರಿಸುವುದು ಮೇಲು. ಪ್ರಕೃತ ವಿಚಾರಿಸಬೇಕಾದ ಪ್ರಶ್ನೆ ಇಷ್ಟೆ: ನೋಟವೇ ಕಾರ್ಯವಾಗುವಲ್ಲಿ ಆ ನೋಟಕ್ಕೆ ಹೊಣೆ ಯಾರು?

ಮೊದಲು ಕಣ್ಣಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಪುಟವನ್ನು ಓದುವಾಗ ಕಣ್ಣು ಕಾಲುವೆಯ ನೀರಿನಂತೆ ಸಾಲಿನುದ್ದಕ್ಕೂ ಹರಿದುಹೋಗುತ್ತದೆಂದು ನಮ್ಮೆಲ್ಲರ ಭಾವನೆ. ಅದು ಹಾಗಲ್ಲವೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಯಾರಿಸ್ಸಿನ ಲೂಯಿ ಎಮಿಲ್ ಜಾವಾಲನ ಪ್ರಯೋಗಶಾಲೆಯಲ್ಲಿ ತಿಳಿದುಬಂದಿತು. ಕಣ್ಣು ಮಿಡತೆಯಂತೆ ಹಾರುತ್ತದೆ, ಕೂರುತ್ತದೆ, ಮತ್ತೆ ಹಾರುತ್ತದೆ. ಸೆಕೆಂಡಿಗೆ ಮೂರು ನಾಲ್ಕು ಹಾರಾಟ. ಒಂದೊಂದು ಎಡೆಯಲ್ಲಿ ನಿಲ್ಲುವುದು ಸುಮಾರು ಕಾಲು ಸೆಕೆಂಡು. ಏತಕ್ಕೆಂದರೆ ನಮಗೆ ನಿಚ್ಚಳವಾಗಿ ಕಾಣುವ ಪ್ರದೇಶ ತೀರ ಚಿಕ್ಕದು. ಕೈಯನ್ನು ನೀಡಿ ಹಿಡಿದರೆ ಹೆಬ್ಬೆರಳಿನ ಉಗುರು ಎಷ್ಟು ಜಾಗವನ್ನು ಮರೆಮಾಡುತ್ತದೆಯೋ ಸರಿಸುಮಾರು ಅಷ್ಟು. ಉಳಿದುದೆಲ್ಲ ಮಸಕು. ಆದುದರಿಂದ ಕಣ್ಣು ಸುಮ್ಮನಿರಲಾರದು, ಭಿಕ್ಷುಕನಂತೆ ಮನೆಮನೆಗೂ ಹೋಗಿ ಲೋಕವನ್ನು ತುಣುಕುತುಣುಕಾಗಿ ಕೂಡಿಸಿ ತರಬೇಕು. ಈ ತಿರುಗಾಟದಲ್ಲಿ ಬಹುಪಾಲು ನಮ್ಮ ಅಪ್ಪಣೆ ಕೇಳಿ ನಡೆಯುವುದಲ್ಲ. ಗೋಡೆಯ ಮೂಲೆಯಲ್ಲಿ ಹಲ್ಲಿ ಅಲುಗಿದರೆ ಮನಸ್ಸಿಗೆ ತಿಳಿಯುವ ಮೊದಲೇ ಕಣ್ಣು ಅಲ್ಲಿರುತ್ತದೆ.

ಯಂತ್ರವು ಮಾಡುವ ಉಪಾಯ ಹೀಗೆ: ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಸಣ್ಣ ದೀಪಗಳಿಂದ ಕಣ್ಣಿನ ಮೇಲೆ ಬೀರುತ್ತಾರೆ. ಕಣ್ಣಿನ ಹೊರಗಾಜಿನಂತಿರುವ ಪೊರೆಯಲ್ಲಿ ಅದರ ಹೊಳಪಿನ ಚುಕ್ಕೆ ಮೂಡುತ್ತದೆ. ಪುಟ್ಟ ಕ್ಯಾಮೆರಾ ಆ ಚುಕ್ಕೆಗೂ ಪಾಪೆಯ ನಡುವಿಗೂ ಇರುವ ದೂರವನ್ನು ಅಳೆಯುತ್ತದೆ. ಅದರಿಂದ ದೃಷ್ಟಿಯ ದಿಕ್ಕು ಲೆಕ್ಕಕ್ಕೆ ಸಿಕ್ಕುತ್ತದೆ. ತಲೆಗೆ ತೊಡುವ ತೆರೆಯ ಚರಿತ್ರೆ ಇದಕ್ಕಿಂತ ಬೇರೆಯಾದುದು. ೧೯೬೮ರಲ್ಲಿ ಐವನ್ ಸದರ್ಲೆಂಡ್ ಎಂಬ ಅಮೆರಿಕದ ವಿದ್ವಾಂಸನು ಅಂತಹುದೊಂದನ್ನು ಮಾಡಿದಾಗ ಅದನ್ನು ಮಾಳಿಗೆಯಿಂದ ತೂಗುಹಾಕಬೇಕಾಗಿತ್ತು. ತಲೆಯ ಮೇಲೆ ನೇತಾಡುವ ಆ ಲೋಹದ ತೋಳಿಗೆ ಗ್ರೀಕರ ಕಥೆಯ ಡಾಮೊಕ್ಲಿಸನ ಕತ್ತಿಯ ಹೆಸರು ಅಂಟಿಕೊಂಡಿತು. ಅನಂತರ ಎರಡು ಚರಿತ್ರೆಗಳೂ ಒಂದಾದುವು. ಕಣ್ಣಿನಿಂದಲೇ ಕಂಪ್ಯೂಟರನ್ನು ನಡೆಯಿಸಲು ಯತ್ನಿಸಿದವರಿಗೆ ಕೂಡಲೆ ಒಂದು ತೊಡಕು ಎದುರಾಯಿತು. ೧೯೯೦ರಲ್ಲಿ ರಾಬರ್ಟ್ ಜೇಕಬ್ ಎಂಬವನು ಅದಕ್ಕೆ ಮೈದಾಸನ ಸ್ಪರ್ಶವೆಂಬ ಹೆಸರನ್ನು ಬಳಸಿದನು. ಮುಟ್ಟಿದುದೆಲ್ಲ ಚಿನ್ನವಾಗಿ ಉಣ್ಣಲೂ ಅನ್ನವಿಲ್ಲದಾದ ಅರಸನಂತೆ, ನೋಡಿದುದೆಲ್ಲ ಅಪ್ಪಣೆಯಾಗಿ, ಸುಮ್ಮನೆ ನೋಡುವುದಕ್ಕೇ ಎಡೆಯಿಲ್ಲದಂತಾಗುತ್ತದೆ. ನಮ್ಮವರಾಗಿದ್ದರೆ ಭಸ್ಮಾಸುರನ ಕೈ ಎನ್ನುತ್ತಿದ್ದರು. ಆ ಹೋಲಿಕೆಯೇ ಹೆಚ್ಚು ಹೊಂದುತ್ತದೆಂದು ನನ್ನ ಮತ, ಏಕೆಂದರೆ ಭಸ್ಮಾಸುರನ ಕೈ ಕೊನೆಗೆ ಬಿದ್ದುದು ಅವನ ತಲೆಯ ಮೇಲೆಯೇ.

ಇದೆಲ್ಲ ದೂರದೇಶದ ಸುದ್ದಿ, ಚಿತ್ರದುರ್ಗದ ಸೀಮೆಗೇನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ನಾವೆಣಿಸಿರುವುದಕ್ಕಿಂತ ಹತ್ತಿರವಾಗಿಯೇ ಇದೆ. ಚಳ್ಳಕೆರೆಯ ಬಳಿಯ ಕುದಾಪುರದಲ್ಲಿ ಎರಡನೆಯ ಆವರಣವನ್ನು ಕಟ್ಟಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಬೆಂಗಳೂರಿನ ಆವರಣದಲ್ಲಿ, ಪ್ರದೀಪ್ತ ಬಿಸ್ವಾಸರೆಂಬ ಅಧ್ಯಾಪಕರು ಕಣ್ಣಿನ ನೋಟದಿಂದ ನಡೆಯುವ ಯಂತ್ರಗಳ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದ್ದಾರೆ. ಅವರ ಪ್ರಯೋಗಶಾಲೆಯ ಪರಿಶ್ರಮ ಎರಡು ದಿಕ್ಕಿಗೆ ಹರಿದಿದೆ. ಒಂದು, ಯುದ್ಧವಿಮಾನದ ಚಾಲಕನು ಎರಡು ಕೈಗಳೂ ಕೆಲಸದಲ್ಲಿರುವಾಗ ಕಣ್ಣಿನಿಂದಲೇ ತೆರೆಯ ಮೇಲಿನದನ್ನು ಆರಿಸುವ ಬಗೆ. ಇನ್ನೊಂದು, ಮಾತೂ ಕೈಕಾಲೂ ಸ್ವಾಧೀನವಿಲ್ಲದ ಮಕ್ಕಳಿಗೆ ನೋಟದಿಂದ ಮಾತನಾಡುವ, ಯಂತ್ರದ ತೋಳನ್ನು ಆಡಿಸಿ ಬಟ್ಟೆಯ ಮೇಲೆ ಅಚ್ಚೊತ್ತುವಂತಹ ಕೆಲಸ ಮಾಡುವ ಬಗೆ; ಇದರಲ್ಲಿ ಚೆನ್ನೈನ ವಿದ್ಯಾಸಾಗರವೆಂಬ ಸಂಸ್ಥೆಯ ವಿದ್ಯಾರ್ಥಿಗಳು ಪಾಲುಗೊಂಡಿದ್ದಾರೆ. ಒಂದೇ ವಿದ್ಯೆ ಒಂದು ಕಡೆ ವಿಮಾನಕ್ಕೂ ಇನ್ನೊಂದು ಕಡೆ ಅಶಕ್ತ ಮಗುವಿಗೂ ಸಲ್ಲುವುದು ಆಶ್ಚರ್ಯವಾಗಿ ತೋರಿದರೂ, ಇಬ್ಬರಿಗೂ ಕೈ ತೆರವಿಲ್ಲವೆಂಬುದೇ ಸಮಾನಧರ್ಮ.

ಇದೇ ತಾಲ್ಲೂಕಿನ ಬಯಲಿನಲ್ಲಿ ರಕ್ಷಣಾ ಸಂಶೋಧನೆಯವರ ವೈಮಾನಿಕ ಪರೀಕ್ಷಾ ಕ್ಷೇತ್ರವಿದೆ. ಒಳಗೆ ಮನುಷ್ಯನಿಲ್ಲದೆ ಹಾರುವ ವಿಮಾನಗಳನ್ನು ೨೦೧೬ರಿಂದ ಅಲ್ಲಿ ಹಾರಿಸಿ ನೋಡುತ್ತಿದ್ದಾರೆ. ಕಣ್ಣು ನೆಲದ ಮೇಲಿನ ಕೋಣೆಯಲ್ಲಿ, ರೆಕ್ಕೆ ಮೋಡದಲ್ಲಿ. ೨೦೨೩ರ ಆಗಸ್ಟಿನಲ್ಲಿ ಅಂತಹದೊಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದುದನ್ನು ಬಹುಮಂದಿ ಬಲ್ಲರು. ಯಂತ್ರವೆಂದ ಮೇಲೆ ಬೀಳುವುದೂ ಉಂಟು, ಅದರಿಂದ ವಿದ್ಯೆಗೆ ಕುಂದಿಲ್ಲ. ಕಾಣುವ ಕಣ್ಣಿಗೂ ನಡೆಯುವ ಕಾರ್ಯಕ್ಕೂ ಎಷ್ಟು ಹರದಾರಿಯ ದೂರವಿರಬಹುದೆಂಬುದಕ್ಕೆ ಈ ಮಾತನ್ನು ಎತ್ತಿದೆ. ಸೈನಿಕರಲ್ಲಿಯೇ ಒಂದು ಗಮನಿಸತಕ್ಕ ಅಂಶವಿದೆ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್ ವಿಮಾನದ ಚಾಲಕನು ಇಸ್ರೇಲಿನಲ್ಲಿ ರೂಪಿಸಿದ ಶಿರಸ್ತ್ರಾಣವನ್ನು ತೊಡುತ್ತಾನೆ. ಅದರ ಮುಖಗಾಜಿನ ಮೇಲೆ ವೇಗ, ಎತ್ತರ, ಗುರಿಯ ಗುರುತು ಮೂಡುತ್ತವೆ. ಆತನು ತಲೆ ತಿರುಗಿಸಿದತ್ತ ಅಸ್ತ್ರದ ಲಕ್ಷ್ಯವೂ ತಿರುಗುತ್ತದೆ. ಆದರೆ ಅಸ್ತ್ರವು ತಲೆ ತಿರುಗಿಸಿದ ಮಾತ್ರಕ್ಕೆ ಹೊರಡುವುದಿಲ್ಲ, ಬೆರಳು ಗುಂಡಿಯನ್ನು ಒತ್ತಬೇಕು. ಕೊಲ್ಲುವ ವಿದ್ಯೆಯಲ್ಲಿ ಕೂಡ ನೋಟಕ್ಕೂ ಪ್ರಹಾರಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗವನ್ನು ಉಳಿಸಿದ್ದಾರೆ.

ಆ ಬೆರಳಿನಷ್ಟು ಜಾಗದ ಬೆಲೆಯನ್ನು ಚಿತ್ರದುರ್ಗದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೋಟೆಯ ಕಿಂಡಿಯೊಂದನ್ನು ನಾವು ಇಂದಿಗೂ ಓಬವ್ವನ ಹೆಸರಿನಿಂದ ಕರೆಯುತ್ತೇವೆ. ಜನ ಹೇಳುತ್ತ ಬಂದಿರುವ ಕಥೆಯಂತೆ, ಗಂಡನಿಗೆ ಊಟವಿಟ್ಟು ನೀರಿಗೆ ಬಂದ ಆ ಹೆಣ್ಣುಮಗಳಿಗೆ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುತ್ತಿರುವುದು ಕಂಡಿತು. ಕಂಡುದು ಆಕಸ್ಮಿಕ, ನೀರಿಗೆಂದು ಬಂದವಳ ಕಣ್ಣಿಗೆ ತಾನಾಗಿ ಬಿದ್ದ ದೃಶ್ಯ. ಆಮೇಲೆ ನೋಡಿದಳು, ಇವರು ಯಾರು, ಏಕೆ ಬಂದರು ಎಂದು. ಆಮೇಲೆ ಮನೆಗೆ ಹೋಗಿ ಒನಕೆಯನ್ನು ತಂದಳು. ಗಂಡನನ್ನು ಊಟದಿಂದ ಎಬ್ಬಿಸಬೇಕೆ, ಕೂಗಬೇಕೆ, ಓಡಬೇಕೆ, ನಿಲ್ಲಬೇಕೆ ಎಂಬ ನಿರ್ಧಾರವೆಲ್ಲ ಕಿಂಡಿಯಿಂದ ಒನಕೆಯವರೆಗಿನ ಆ ಕೆಲವು ಹೆಜ್ಜೆಗಳಲ್ಲಿ ನಡೆದುಹೋಯಿತು. ನಾವು ಓಬವ್ವನನ್ನು ಪೂಜಿಸುವುದು ಆಕೆಯ ಕಣ್ಣಿಗೆ ಶತ್ರು ಬಿದ್ದುದಕ್ಕಾಗಿ ಅಲ್ಲ, ತೋಳಿನ ಬಲಕ್ಕಾಗಿ ಮಾತ್ರವೂ ಅಲ್ಲ, ಆ ಹೆಜ್ಜೆಗಳಿಗಾಗಿ. ಕಂಡೊಡನೆ ಶತ್ರು ಬೂದಿಯಾಗುವಂತಹ ಕಣ್ಣು ಆಕೆಗಿದ್ದಿದ್ದರೆ ಕೋಟೆ ಉಳಿಯುತ್ತಿತ್ತೋ ಏನೋ, ಕಥೆಯಂತೂ ಇರುತ್ತಿರಲಿಲ್ಲ.

ಅಂತಹ ಕಣ್ಣಿನ ಕಲ್ಪನೆ ನಮ್ಮ ಪುರಾಣಗಳಲ್ಲಿ ಇಲ್ಲದಿಲ್ಲ. ಶಿವನ ಹಣೆಗಣ್ಣು ಅಂತಹುದು. ಕಾಳಿದಾಸನ ಕುಮಾರಸಂಭವದಲ್ಲಿ, ಕೋಪವನ್ನು ತಡೆಯೆಂದು ದೇವತೆಗಳು ಮೊರೆಯಿಡುವ ದನಿ ಆಕಾಶದಲ್ಲಿ ಇನ್ನೂ ಇರುವಾಗಲೇ ಮನ್ಮಥನು ಬೂದಿಯಾಗಿಹೋಗಿರುತ್ತಾನೆ. ನೋಟವೇ ಕಾರ್ಯವಾಗಿರುವಲ್ಲಿ ಬೇಡವೆನ್ನುವವರ ಮಾತಿಗೆ ವೇಳೆಯೇ ಸಾಲದು. ಅದಕ್ಕಾಗಿಯೇ ಇರಬೇಕು, ಆ ಕಣ್ಣು ಸದಾ ಮುಚ್ಚಿರುವುದು.

ದರ್ಶನಶಾಸ್ತ್ರದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಹಳೆಯ ವಾದವುಂಟು. ನೈಯಾಯಿಕರ ಮತದಲ್ಲಿ ಚಕ್ಷುರಿಂದ್ರಿಯವು ತೇಜೋರೂಪವಾದುದು. ಅದರ ರಶ್ಮಿ ಹೊರಟು ವಸ್ತುವನ್ನು ಮುಟ್ಟುತ್ತದೆ. ಮುಟ್ಟಿದ ಮೇಲೆಯೇ ಜ್ಞಾನ. ಇದನ್ನು ಪ್ರಾಪ್ಯಕಾರಿತ್ವವೆನ್ನುತ್ತಾರೆ. ಬೌದ್ಧರೂ ಜೈನರೂ ಇದನ್ನು ಒಪ್ಪಲಿಲ್ಲ. ಕಣ್ಣು ವಸ್ತುವನ್ನು ಮುಟ್ಟುವುದೇ ಆದರೆ ಬೆಂಕಿಯನ್ನು ಕಂಡ ಕಣ್ಣು ಸುಡಬೇಡವೆ ಎಂಬ ಬಗೆಯ ಆಕ್ಷೇಪವನ್ನು ಎತ್ತಿದರು. ಹನ್ನೊಂದನೆಯ ಶತಮಾನದಲ್ಲಿ ಅರಬರ ಇಬ್ನ್ ಅಲ್ ಹೈಥಮನು ಕಣ್ಣಿನಿಂದ ಕಿರಣ ಹೊರಡುವುದಿಲ್ಲ, ಬೆಳಕೇ ಕಣ್ಣಿಗೆ ಬರುತ್ತದೆಂದು ಸಾಧಿಸಿದನು. ಇಂದಿನ ವಿಜ್ಞಾನವೂ ಆ ಪಕ್ಷದ್ದೇ. ಹೀಗೆ ಸೋತುಹೋಗಿದ್ದ ನೈಯಾಯಿಕನ ಪಕ್ಷವನ್ನು ಈಗ ಯಂತ್ರಶಿಲ್ಪಿಗಳು ಕೃತಕವಾಗಿ ಗೆಲ್ಲಿಸಿಬಿಟ್ಟಿದ್ದಾರೆ. ಕಣ್ಣು ನಿಜವಾಗಿಯೂ ಹೊರಗೆ ಹೋಗಿ ವಸ್ತುವನ್ನು ಮುಟ್ಟುತ್ತದೆ, ಕದಲಿಸುತ್ತದೆ, ಕೊಳ್ಳುತ್ತದೆ.

ಪಂಡಿತರ ವಾದ ಏನೇ ಇರಲಿ, ಸಾಮಾನ್ಯ ಜನರು ಎಂದಿನಿಂದಲೂ ನೋಟವು ತಾಗುತ್ತದೆಂದೇ ನಂಬಿದವರು. ಹೊಸದುರ್ಗದ ಪೇಟೆಯಲ್ಲಿ ಅಂಗಡಿಯ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ, ಹೊಸ ಮನೆಯ ಮುಂದೆ ತೂಗುವ ಬೂದುಗುಂಬಳ, ಕೂಸಿನ ಕೆನ್ನೆಯ ಕಾಡಿಗೆಬೊಟ್ಟು, ಎಲ್ಲವೂ ಅದಕ್ಕೆ ಸಾಕ್ಷಿ. ಈ ನಂಬಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವ ಮೊದಲು ಅದರೊಳಗಿನ ಒಂದು ವಿವೇಕವನ್ನು ಗಮನಿಸಬೇಕು. ದೃಷ್ಟಿ ತಾಗಿಸಿದವನನ್ನು ಪಂಚಾಯತಿಗೆ ಎಳೆಯುವ ಪದ್ಧತಿ ಸಾಮಾನ್ಯವಾಗಿ ನಮ್ಮಲ್ಲಿಲ್ಲ. ಹೆತ್ತ ತಾಯಿಯ ದೃಷ್ಟಿಯೇ ಮಗುವಿಗೆ ತಾಗುತ್ತದೆನ್ನುತ್ತಾರಲ್ಲವೆ? ಕಣ್ಣು ಬೇಕೆಂದು ಬಿದ್ದುದಲ್ಲ, ಬಿದ್ದುಹೋಯಿತು. ಆದಕಾರಣ ಎಚ್ಚರಿಕೆಯನ್ನು ನೋಡುವವನ ಮೇಲೆ ಹೊರಿಸದೆ, ತಡೆಯನ್ನು ವಸ್ತುವಿನ ಕಡೆ ಕಟ್ಟಿದರು. ನೋಟಕ್ಕೆ ಶಕ್ತಿಯುಂಟೆಂದು ನಂಬಿದ ಸಮಾಜವೂ ನೋಟಕ್ಕೆ ಅಪರಾಧವನ್ನು ಹೊರಿಸಲಿಲ್ಲ. ಇಂದು ನೋಟಕ್ಕೆ ಯಂತ್ರದ ಮೂಲಕ ಶಕ್ತಿಯನ್ನು ಕೊಡಹೊರಟವರು ಕಾಡಿಗೆಬೊಟ್ಟನ್ನು ಕೂಡ ಯಂತ್ರಕ್ಕೇ ಇಡತಕ್ಕದ್ದು ನ್ಯಾಯ.

ಇನ್ನು ಪ್ರಶ್ನೆಯ ಕಠಿಣವಾದ ಭಾಗಕ್ಕೆ ಬರೋಣ. ಕಣ್ಣಲ್ಲದೆ ಬೇರೆ ದ್ವಾರವೇ ಇಲ್ಲದವರ ಗತಿಯೇನು? ೧೯೯೫ರ ಡಿಸೆಂಬರಿನಲ್ಲಿ ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್ ಡೊಮಿನಿಕ್ ಬೋಬಿ ಎಂಬವನಿಗೆ ಮೆದುಳಿನ ಆಘಾತವಾಗಿ ಎಡಗಣ್ಣಿನ ರೆಪ್ಪೆಯೊಂದನ್ನು ಬಿಟ್ಟು ಮೈಯೆಲ್ಲ ನಿಶ್ಚಲವಾಯಿತು. ಬುದ್ಧಿ ಮಾತ್ರ ಎಂದಿನಂತೆಯೇ ಇತ್ತು. ಹತ್ತಿರ ಕುಳಿತವರು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತ ಹೋಗುವುದು, ಬೇಕಾದ ಅಕ್ಷರ ಬಂದಾಗ ಆತನು ರೆಪ್ಪೆ ಮಿಟುಕಿಸುವುದು. ಹೀಗೆ ಒಂದು ಪುಸ್ತಕವನ್ನೇ ಹೇಳಿ ಬರೆಯಿಸಿದನು. ೧೯೯೭ರಲ್ಲಿ ಅದು ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡನು. ಇಂತಹವರ ಮುಂದೆ ನಿಂತು, ನೋಟಕ್ಕೂ ಕಾರ್ಯಕ್ಕೂ ಅಂತರವಿರಬೇಕೆಂದು ತತ್ತ್ವ ಹೇಳುವುದು ಕ್ರೌರ್ಯವಾದೀತು. ಅವರ ಪಾಲಿಗೆ ಕಣ್ಣೇ ಕೈ, ಕಣ್ಣೇ ನಾಲಗೆ. ಇಂದು ಫೋನಿನಲ್ಲಿಯೂ ಬರುವ ನೋಟದ ಹಿಡಿತ ಅವರಿಗೆ ವಿನೋದವಲ್ಲ, ಬಾಳು. ಇದಕ್ಕಾಗಿ ಯಂತ್ರಶಿಲ್ಪಿಗಳಿಗೆ ಎಷ್ಟು ಕೃತಜ್ಞರಾದರೂ ಸಾಲದು.

ಆದರೆ ಅಂತರದ ಪ್ರಶ್ನೆ ಅಲ್ಲಿಯೇ ಹೆಚ್ಚು ತೀಕ್ಷ್ಣವಾಗಿ ಬರುತ್ತದೆ. ಹೊಸದುರ್ಗದ ಕಡೆ ನನ್ನ ಬಂಧುಗಳೊಬ್ಬರು ತೆಂಗಿನ ತೋಟ ಮಾಡಿಕೊಂಡು ಸುಖವಾಗಿದ್ದವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡು ಬಹುದಿನ ಹಾಸಿಗೆಯಲ್ಲಿದ್ದರು. ಮನೆಯವರು ಅವರ ಕಣ್ಣನ್ನೇ ನೋಡುತ್ತ ಸೇವೆ ಮಾಡಿದರು. ಅವರ ದೃಷ್ಟಿ ಮತ್ತೆ ಮತ್ತೆ ಎದುರಿನ ಮರದ ಪೆಟ್ಟಿಗೆಯ ಮೇಲೆ ನಿಲ್ಲುತ್ತದೆಂದು ಮನೆಯಲ್ಲಿ ಮಾತಾಯಿತು. ಪೆಟ್ಟಿಗೆಯಲ್ಲಿ ತೋಟದ ಪತ್ರಗಳಿದ್ದುವು. ಹಿರಿಯ ಮಗನು ‘ಪಾಲು ಮಾಡೆಂದು ಅಪ್ಪಯ್ಯನ ಮನಸ್ಸು’ ಎಂದನು. ಕಿರಿಯವನು ‘ಪಾಲು ಬೇಡವೆಂದೇ ಅದನ್ನು ಕಾಯುತ್ತಿದ್ದಾರೆ’ ಎಂದನು. ನೆಂಟರಲ್ಲಿ ಎರಡು ಪಕ್ಷವಾಯಿತು. ಕೊನೆಗೆ ಶಾಲೆಗೆ ಹೋಗುವ ಮೊಮ್ಮಗಳು ಮುಂದೆ ಬಂದು, ‘ತಾತ, ಹೌದಾದರೆ ಕಣ್ಣು ಮುಚ್ಚು, ಅಲ್ಲವಾದರೆ ಮೇಲೆ ನೋಡು. ಪೆಟ್ಟಿಗೆಯ ವಿಷಯ ಏನಾದರೂ ಹೇಳಬೇಕೋ?’ ಎಂದು ಕೇಳಿದಳು. ಅವರು ಮೇಲೆ ನೋಡಿದರು. ಮಂಚದ ಎದುರಿಗೆ ಪೆಟ್ಟಿಗೆಯಿತ್ತು. ಕತ್ತು ತಿರುಗಿಸಲಾರದವರು ಬೇರೆಲ್ಲಿ ನೋಡಬೇಕಾಗಿತ್ತು? ಮನೆಯ ಹಿರಿಯರೆಲ್ಲ ಅವರ ಕಣ್ಣನ್ನು ಓದುತ್ತಿದ್ದರು. ಅವರನ್ನು ಕೇಳಿದವಳು ಆ ಹುಡುಗಿಯೊಬ್ಬಳು.

ಕಣ್ಣನ್ನು ಓದುವುದು ಬೇರೆ, ಕಣ್ಣಿನ ಒಡೆಯನನ್ನು ಕೇಳುವುದು ಬೇರೆ. ಮೊದಲನೆಯದರಲ್ಲಿ ಮನುಷ್ಯನು ಬರಹ. ಎರಡನೆಯದರಲ್ಲಿ ಆತನೇ ಲೇಖಕ. ರಷ್ಯದ ಯಾರ್ಬಸ್ ಎಂಬ ವಿದ್ವಾಂಸನು ೧೯೬೦ರ ದಶಕದಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ರೇಪಿನ್ ಎಂಬ ಚಿತ್ರಕಾರನ ಪಟವೊಂದನ್ನು ಒಬ್ಬನಿಗೇ ಹಲವು ಬಾರಿ ತೋರಿಸಿ, ಒಂದು ಸಲ ಚಿತ್ರದಲ್ಲಿರುವವರ ವಯಸ್ಸನ್ನು, ಇನ್ನೊಂದು ಸಲ ಅವರ ಸಿರಿತನವನ್ನು ಊಹಿಸೆಂದು ಕೇಳಿದನು. ಪ್ರಶ್ನೆ ಬದಲಾದಂತೆ ಕಣ್ಣಿನ ಜಾಡೂ ಬದಲಾಯಿತು. ಇದರಿಂದ ನೋಟದ ಜಾಡು ಮನಸ್ಸಿನ ಗುಟ್ಟನ್ನು ಕೊಂಚ ಹೊರಗೆಡಹುತ್ತದೆಂದು ಕೆಲವರು ಸಂತೋಷಪಡುತ್ತಾರೆ. ನಿಜವೇ. ಆದರೆ ಗುಟ್ಟು ಹೊರಬಿದ್ದರೆ ಅದು ಸಮ್ಮತಿಯಾಗಲಿಲ್ಲ. ನನ್ನ ಕಣ್ಣು ಮಿಠಾಯಿ ಅಂಗಡಿಯ ಕಡೆ ಹೋದುದು ನನಗೆ ಹಸಿವಾಗಿದೆಯೆಂಬುದಕ್ಕೆ ಗುರುತಾಗಬಹುದು, ಕೊಡೆಂಬ ಅಪ್ಪಣೆಯಾಗಲಾರದು.

ನಮ್ಮ ದೇಶದ ನ್ಯಾಯವೂ ಈ ದಿಕ್ಕಿಗೇ ನಡೆದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿ ನಿವೃತ್ತರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. ೨೦೨೩ರಲ್ಲಿ ಆದ ವ್ಯಕ್ತಿಗತ ದತ್ತಾಂಶ ರಕ್ಷಣೆಯ ಶಾಸನವು, ಸಮ್ಮತಿಯೆಂದರೆ ಸ್ವತಂತ್ರವಾಗಿ, ತಿಳಿದು, ಸ್ಪಷ್ಟವಾದ ಕ್ರಿಯೆಯಿಂದ ಕೊಟ್ಟುದಾಗಿರಬೇಕೆಂದು ವಿಧಿಸುತ್ತದೆ. ಕಾಲು ಸೆಕೆಂಡು ಕೂತು ಹಾರಿಹೋದ ಕಣ್ಣು ಸ್ಪಷ್ಟವಾದ ಕ್ರಿಯೆಯೆ? ಅಲ್ಲವೆಂದೇ ನನ್ನ ಮತ. ಕೆಲವು ತಯಾರಕರು ಇದನ್ನು ಅರಿತಂತೆ ತೋರುತ್ತದೆ. ೨೦೨೪ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಪಲ್ ಕಂಪನಿಯ ವಿಷನ್ ಪ್ರೊ ಹೆಡ್‌ಸೆಟ್‌ನಲ್ಲಿ ನೋಟದಿಂದ ವಸ್ತುವನ್ನು ಗುರುತಿಸಿ, ಹೆಬ್ಬೆರಳನ್ನೂ ತೋರುಬೆರಳನ್ನೂ ತಾಗಿಸಿದರೆ ಮಾತ್ರ ಅದು ಆಯ್ಕೆಯಾಗುತ್ತದೆ. ಅಲ್ಲಿಯವರೆಗಿನ ನೋಟದ ಜಾಡನ್ನು ಹೊರಗಿನವರಿಗೆ ಕೊಡುವುದಿಲ್ಲವೆಂದು ಕಂಪನಿಯವರು ಹೇಳುತ್ತಾರೆ. ಅದೇ ಯಂತ್ರದ ಹೊರಮೈಯಲ್ಲಿ, ತೊಟ್ಟವನ ಕಣ್ಣುಗಳ ಚಿತ್ರವನ್ನು ಎದುರಿನವರಿಗೆ ತೋರುವ ಇನ್ನೊಂದು ತೆರೆಯಿದೆ. ಬೆರಳಿನ ಏರ್ಪಾಡನ್ನು ಎಷ್ಟು ಮೆಚ್ಚುತ್ತೇನೆಯೋ ಈ ಬಣ್ಣದ ಕಣ್ಣುಗಳನ್ನು ಅಷ್ಟೇ ಒಲ್ಲೆನು. ಮುಖ ಕೊಟ್ಟು ಮಾತನಾಡುವುದೆಂದರೆ ಮುಖದ ಪಟವನ್ನು ತೂಗುಹಾಕುವುದಲ್ಲ.

ಮೈಯಲ್ಲಿ ಶಕ್ತಿಯುಳ್ಳವರ ವಿಚಾರದಲ್ಲಿ ಭಯ ಬೇರೆ ಕಡೆಯಿಂದ ಬರುತ್ತದೆ. ಇಂದು ಎಣ್ಣೆಯ ಗಿರಣಿಗಳಿಗೆ ಹೆಸರಾದ ಚಳ್ಳಕೆರೆಯಂತಹ ಊರುಗಳ ಸುತ್ತ ಹಿಂದೆ ಎತ್ತಿನ ಗಾಣಗಳು ತಿರುಗುತ್ತಿದ್ದಾಗ, ಗಾಣದ ಎತ್ತಿಗೆ ಕಣ್ಣು ಕಟ್ಟುತ್ತಿದ್ದರು. ಜಟಕಾ ಕುದುರೆಗೆ ಕಣ್ಣಿನ ಎರಡು ಪಕ್ಕಗಳಲ್ಲಿಯೂ ಚರ್ಮದ ಪಟ್ಟಿಯನ್ನು ಇಡುತ್ತಿದ್ದರು. ತಲೆಗೆ ತೊಡಿಸಿ ನೋಟವನ್ನು ಆಳುವ ಸಲಕರಣೆ ಹೊಸದೇನೂ ಅಲ್ಲ, ಪಶುಗಳಿಗೆ ಅದು ಹಳೆಯ ಪರಿಚಯ. ವ್ಯತ್ಯಾಸವಿಷ್ಟೆ: ಎತ್ತಿನ ಕಟ್ಟು ಅದರ ಕಣ್ಣನ್ನು ಮರೆಮಾಡುತ್ತಿತ್ತು, ಅದು ಎತ್ತ ನೋಡಬಯಸಿತೆಂದು ಒಡೆಯನಿಗೆ ವರದಿ ಮಾಡುತ್ತಿರಲಿಲ್ಲ. ನಾಳೆ ಕಾರ್ಖಾನೆಯಲ್ಲಿ ಕೂಲಿಯವನಿಗೋ ಶಾಲೆಯಲ್ಲಿ ಹುಡುಗನಿಗೋ ಇಂತಹ ಕನ್ನಡಕವನ್ನು ತೊಡಿಸಿ, ದಿನಕ್ಕೆ ಎಷ್ಟು ಸಲ ಕಿಟಕಿಯ ಕಡೆ ನೋಡಿದನೆಂದು ಲೆಕ್ಕ ಬರೆದರೆ, ಆತನು ಕದ್ದುದೇನೂ ಇಲ್ಲದೆ ಕಳ್ಳನಾಗುತ್ತಾನೆ. ಕಿಟಕಿಯ ಕಡೆ ನೋಡುವ ಹುಡುಗನು ಪಾಠವನ್ನು ಬಿಟ್ಟನೋ ಪಾಠವನ್ನೇ ಯೋಚಿಸುತ್ತಿರುವನೋ ಯಾರು ಬಲ್ಲರು?

ತಾಯಿ ಮಗುವಿನ ಕಣ್ಣನ್ನು ನೋಡಿ ಹಸಿವನ್ನು ತಿಳಿಯುವುದಿಲ್ಲವೆ, ಸ್ನೇಹಿತನು ಕಡೆಗಣ್ಣಿನಿಂದಲೇ ಸ್ನೇಹಿತನ ಇಂಗಿತವನ್ನು ಅರಿಯುವುದಿಲ್ಲವೆ, ಯಂತ್ರ ಅರಿತರೆ ಏನು ಕೇಡು, ಎಂದು ಆಕ್ಷೇಪಿಸಬಹುದು. ಆಕ್ಷೇಪ ಬಲವಾದುದೇ. ಆದರೆ ತಾಯಿಯನ್ನು ಮಗುವೂ ನೋಡುತ್ತಿರುತ್ತದೆ. ಸ್ನೇಹಿತನ ಊಹೆ ತಪ್ಪಿದರೆ ನಕ್ಕು ತಲೆಯಾಡಿಸಬಹುದು. ಕಣ್ಸನ್ನೆಯೆಂಬುದು ಇಬ್ಬರ ನಡುವಣ ಮಾತು. ಯಂತ್ರವು ಮರುನೋಟವಿಲ್ಲದ ನೋಟ. ಅದರ ಹಿಂದೆ ಕುಳಿತಿರುವವನನ್ನು ನಾವು ದಿಟ್ಟಿಸಲಾರೆವು. ಕಂಡೂ ಕಾಣದಂತಿರುವ ದಾಕ್ಷಿಣ್ಯವೂ ಅದಕ್ಕಿಲ್ಲ. ಬಡ ನೆಂಟನು ಹರಿದ ಅಂಗಿಯಲ್ಲಿ ಬಂದರೆ ಕಂಡೂ ಕಾಣದಂತಿರುವುದು ನಮ್ಮಲ್ಲಿ ಎಷ್ಟು ದೊಡ್ಡ ಗುಣ!

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯಂತ್ರಗಳ ವಿಚಾರ ನಮ್ಮ ಕೈಯಲ್ಲಿಲ್ಲ. ಆದರೆ ಮಾತು ಕಳೆದುಕೊಂಡವರು ಪ್ರತಿಯೊಂದು ತಾಲ್ಲೂಕಿನಲ್ಲಿಯೂ ಇದ್ದಾರೆ, ಅವರಿಗೆ ಕನ್ನಡದಲ್ಲಿ ಕಣ್ಣಿನ ಹಲಗೆ ಬೇಕು. ಇಂಗ್ಲಿಷಿನಲ್ಲಿ ಇಪ್ಪತ್ತಾರು ಅಕ್ಷರ. ನಮ್ಮಲ್ಲಿ ನಾಲ್ವತ್ತೊಂಬತ್ತು, ಅದರ ಮೇಲೆ ಗುಣಿತ, ಒತ್ತು. ‘ನೀರು’ ಎನ್ನಲು ನಾಲ್ಕು ಗುರುತು, ‘ಅಮ್ಮ’ ಎನ್ನಲು ನಾಲ್ಕು, ‘ಸಾಕು’ ಎನ್ನಲೂ ನಾಲ್ಕು. ದಣಿದ ಕಣ್ಣಿಗೆ ಇದು ಸಣ್ಣ ಕೆಲಸವಲ್ಲ. ಹೀಗೆಂದು, ಸಾಯುವ ಕಾಲದಲ್ಲಿ ಮನುಷ್ಯನು ತನ್ನ ತಾಯಿಯನ್ನು ಇಂಗ್ಲಿಷಿನಲ್ಲಿ ಕರೆಯಬೇಕೆ? ನಮ್ಮ ವರ್ಣಮಾಲೆಯ ಜೋಡಣೆಯೇ ಇದಕ್ಕೆ ಸಹಾಯಕ್ಕೆ ಬರುತ್ತದೆ. ಕೇಶಿರಾಜನಿಗಿಂತ ಎಷ್ಟೋ ಹಿಂದೆಯೇ ವೈಯಾಕರಣರು ವ್ಯಂಜನಗಳನ್ನು ಐದೈದರ ಐದು ವರ್ಗಗಳಾಗಿ ಕಟ್ಟಿಟ್ಟಿದ್ದಾರೆ. ಮೊದಲ ನೋಟದಲ್ಲಿ ವರ್ಗ, ಎರಡನೆಯ ನೋಟದಲ್ಲಿ ಅಕ್ಷರ, ಮೂರನೆಯದರಲ್ಲಿ ಸ್ವರ; ಅವರ್ಗೀಯಗಳಿಗೆ ಒಂದು ಮೂಲೆ. ಇಂಗ್ಲಿಷಿನ ಅಕ್ಷರಗಳಿಗೆ ಇಂತಹ ಕ್ರಮವೇ ಇಲ್ಲ.

ಇದಕ್ಕೆ ಕಂಪ್ಯೂಟರೇ ಆಗಬೇಕೆಂದಿಲ್ಲ. ಪಾರದರ್ಶಕವಾದ ಒಂದು ಹಾಳೆಯ ಅಂಚಿನ ಸುತ್ತ ವರ್ಗಗಳನ್ನು ಬರೆದು, ನಡುವೆ ಅಂಗೈಯಗಲ ಕತ್ತರಿಸಿ ತೆರವು ಮಾಡಿ, ಮಲಗಿರುವವರಿಗೂ ಕುಳಿತಿರುವವರಿಗೂ ನಡುವೆ ಹಿಡಿದರೆ ಸಾಕು. ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಲ್ಲಿ ಇಂತಹ ಹಲಗೆಗಳು ಬಹುಕಾಲದಿಂದ ಬಳಕೆಯಲ್ಲಿವೆ. ಮೇಲಿನ ಒಂದು ಮೂಲೆಯಲ್ಲಿ ‘ಅಲ್ಲ, ನಾನು ಹೇಳಿದ್ದು ಅದಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರಬೇಕು. ನಡುವಿನ ತೆರವಿನಲ್ಲಿ ಏನನ್ನೂ ಬರೆಯಕೂಡದು. ಅಲ್ಲಿ ಕಣ್ಣಿಟ್ಟರೆ ಅದಕ್ಕೆ ಅರ್ಥವಿಲ್ಲ, ಅಪ್ಪಣೆಯಿಲ್ಲ. ಕಣ್ಣು ದಣಿವಾರಿಸಿಕೊಳ್ಳುವ ಜಾಗ ಅದು, ಆಚೆ ಕುಳಿತವರ ಮುಖ ಕಾಣುವುದೂ ಅಲ್ಲಿಂದಲೇ.